ನಿಮಗಿದು ಗೊತ್ತೇ? ಬ್ಲಫ್ ಬಯಲು ಮಾಡುವ ಗಡಿಯಾರ

ಹಬ್ಬದ ದಿನ ಜಗುಲಿಯ ಮೇಲೆ ಇಸ್ಪೀಟ್ ಆಡಲು ಕೂತರೆ ಎದುರಾಳಿಯ ಮುಖ ಕಾಣುತ್ತದೆ. ಆನ್‌ಲೈನ್ ಪೋಕರ್‌ನಲ್ಲಿ ಮುಖವಿಲ್ಲ. ಅವನು ಎಷ್ಟು ಪಣ ಇಟ್ಟ, ಇಡಲು ಎಷ್ಟು ಹೊತ್ತು ತೆಗೆದುಕೊಂಡ, ಇಷ್ಟೇ ಕಾಣುವುದು. ಆ ಹೊತ್ತೇ ಎಷ್ಟೋ ಗುಟ್ಟು ಬಿಟ್ಟುಕೊಡುತ್ತದೆ; ಕೆಟ್ಟ ಎಲೆ ಹಿಡಿದೂ ಪಣ ಏರಿಸಿ ಹೆದರಿಸುವ ‘ಬ್ಲಫ್’ ಕೂಡ ಅದರಲ್ಲೊಂದು.

● ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ಒಬ್ಬೊಬ್ಬರಿಗೂ ಎರಡೆರಡು ಗುಟ್ಟಿನ ಎಲೆ. ನಿಮ್ಮ ಎರಡನ್ನು ಬಿಟ್ಟರೆ ಉಳಿಯುವ 50 ಎಲೆಗಳಲ್ಲಿ ಎದುರಾಳಿಯ ಕೈಗೆ 1,225 ಜೋಡಿಗಳಲ್ಲಿ ಯಾವುದಾದರೂ ಬಂದಿರಬಹುದು. ಅವನ ಪ್ರತಿ ನಡೆಯೂ ಈ ಸಂಖ್ಯೆಯನ್ನು ಕಡಿಮೆ ಮಾಡುತ್ತಾ ಹೋಗುತ್ತದೆ.

● ಕಣ್ಣು ಮಿಟುಕಿಸುವಷ್ಟರಲ್ಲಿ ‘ಕಾಲ್’ (ಎದುರಾಳಿಯಷ್ಟೇ ಪಣ) ಒತ್ತಿದವನ ಕೈಯಲ್ಲಿ ಹೆಚ್ಚಾಗಿ ಮಧ್ಯಮ ದರ್ಜೆಯ ಎಲೆಗಳಿರುತ್ತವೆ. ಎಲೆ ಭಾರಿಯಾಗಿದ್ದರೆ ಪಣ ಏರಿಸಲೇ ಎಂದು ಯೋಚಿಸುತ್ತಿದ್ದ, ತೀರಾ ಕೆಟ್ಟದ್ದಾದರೆ ಬಿಟ್ಟುಬಿಡಲೇ ಎಂದು ಯೋಚಿಸುತ್ತಿದ್ದ. ಎರಡಕ್ಕೂ ಅವನು ಹೊತ್ತು ತೆಗೆದುಕೊಂಡಿಲ್ಲ.

● ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ದೊಡ್ಡದಾಗಿ ಪಣ ಏರಿಸಿದರೆ ಎಚ್ಚರ! ಅನುಭವ ಕಡಿಮೆ ಇರುವವರು ಒಳ್ಳೆಯ ಎಲೆ ಬಂದಾಗಲೇ ‘ಎಷ್ಟು ಏರಿಸಿದರೆ ಇವನು ಓಡಿಹೋಗುವುದಿಲ್ಲ’ ಎಂದು ಲೆಕ್ಕ ಹಾಕುತ್ತಾರೆ. ಆದರೆ ಇದನ್ನೇ ನೆಚ್ಚಿಕೊಳ್ಳುವಂತಿಲ್ಲ. ನೆಟ್‌ವರ್ಕ್ ನಿಧಾನವಾಗಿರಬಹುದು, ಅವನು ಒಟ್ಟಿಗೆ ನಾಲ್ಕು ಟೇಬಲ್ ಆಡುತ್ತಿರಬಹುದು, ಬೇಕೆಂದೇ ತಡಮಾಡುತ್ತಿರಲೂಬಹುದು.

● ಪೋಕರ್ ಆಟಗಾರರ ಹಾವಭಾವ ಓದುವುದಕ್ಕೆಂದೇ ಅಮೆರಿಕದ ಮೈಕ್ ಕಾರೊ 1984ರಲ್ಲಿ ಒಂದು ಪುಸ್ತಕ ಬರೆದರು. ಅವರ ಮುಖ್ಯ ಸೂತ್ರ ಸರಳ: ಎಲೆ ಗಟ್ಟಿಯಿರುವವನು ಸೋತವನಂತೆ ನಟಿಸುತ್ತಾನೆ, ಎಲೆ ಇಲ್ಲದವನು ಗೆದ್ದವನಂತೆ ನಟಿಸುತ್ತಾನೆ.

● ಹಾವಭಾವ ಓದುವುದರಲ್ಲಿ ಕುದುರೆಯೂ ಕಮ್ಮಿಯಿಲ್ಲ. ಸವಾರನ ಮೈಯ ಸಣ್ಣ ಚಲನೆಯನ್ನೂ ಅದು ಗುರುತಿಸಬಲ್ಲದು. ಜರ್ಮನಿಯ ‘ಹಾನ್ಸ್’ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕ ಬಿಡಿಸುತ್ತದೆಂದು ಬರ್ಲಿನ್ ನಗರವೇ ನಂಬಿತ್ತು. ಪ್ರಶ್ನೆ ಕೇಳಿದವರು ಸರಿಯುತ್ತರ ಬಂದಾಗ ತಮಗರಿವಿಲ್ಲದೆ ತಲೆ ಅಲುಗಿಸುವುದನ್ನು ನೋಡಿ ಅದು ನಿಲ್ಲಿಸುತ್ತಿತ್ತು ಎಂದು ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿಕೊಟ್ಟರು.

● ಕುದುರೆಗೂ ಜೂಜಿಗೂ ನಮ್ಮ ಪುರಾಣದಲ್ಲೂ ನಂಟಿದೆ. ಪಗಡೆಯಲ್ಲಿ ರಾಜ್ಯ ಸೋತ ನಳ ರಾಜ ಋತುಪರ್ಣನಿಂದ ಅಕ್ಷಹೃದಯ, ಅಂದರೆ ದಾಳದ ಮರ್ಮ, ಕಲಿತು, ಬದಲಿಗೆ ಅವನಿಗೆ ಅಶ್ವಹೃದಯ, ಅಂದರೆ ಕುದುರೆಯ ಮರ್ಮ, ಕಲಿಸಿದ. ಈ ಕಥೆಯನ್ನು ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ಕೊಟ್ಟರು.

● ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳಿಗೆ ಹೆಸರಾದವರು. ‘ಸದಾರಮೆ’ ನಾಟಕದಲ್ಲಿ ಅವರ ಕಳ್ಳನ ಪಾತ್ರವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಮಾತನ್ನು ಯಾವ ಗಳಿಗೆಯಲ್ಲಿ ಬಿಡಬೇಕೆಂದು ಗೊತ್ತಿದ್ದರೆ ಮಾತ್ರ ಹಾಸ್ಯ ಫಲಿಸುತ್ತದೆ. ಬ್ಲಫ್‌ಗೂ ಅದೇ ನಿಯಮ: ಹೊತ್ತು ತಪ್ಪಿದರೆ ಯಾರೂ ನಂಬುವುದಿಲ್ಲ.

● ಬ್ಲಫ್ ಬರೀ ಭಂಡ ಧೈರ್ಯವಲ್ಲ, ಅದು ಗಣಿತ. ಪೋಕರ್‌ನಲ್ಲಿ ಆಗಾಗ ಬ್ಲಫ್ ಮಾಡುವುದು ಅನಿವಾರ್ಯವೆಂದು ಗಣಿತಜ್ಞ ಜಾನ್ ವಾನ್ ನ್ಯೂಮನ್ ಮತ್ತು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ 1944ರ ತಮ್ಮ ಗ್ರಂಥದಲ್ಲಿ ಲೆಕ್ಕ ಹಾಕಿ ತೋರಿಸಿದರು. ನಡುವೆ 100 ಬಿಲ್ಲೆ ಇದ್ದಾಗ ನೀವು 50 ಇಟ್ಟು ಬ್ಲಫ್ ಮಾಡಿದರೆ, ಮೂರರಲ್ಲಿ ಒಂದು ಸಲ ಎದುರಾಳಿ ಬಿಟ್ಟುಕೊಟ್ಟರೂ ನಷ್ಟವಿಲ್ಲ.

● ಯಾವಾಗ ಬ್ಲಫ್ ಮಾಡಬೇಕೆಂದು ಸ್ವಂತ ಮನಸ್ಸಿಗೆ ಬಿಟ್ಟರೆ ಅದಕ್ಕೊಂದು ಚಾಳಿ ಬೀಳುತ್ತದೆ. ಹಾಗಾಗಿ ಕೆಲವರು ಕೈಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾರೆ. ಮುಳ್ಳು ಮೊದಲ 15 ಸೆಕೆಂಡ್‌ಗಳ ಒಳಗಿದ್ದರೆ ಬ್ಲಫ್, ಇಲ್ಲದಿದ್ದರೆ ಇಲ್ಲ. ನಾಲ್ಕರಲ್ಲಿ ಒಂದು ಸಲ, ಆದರೆ ಯಾವ ಸಲವೆಂದು ಯಾರಿಗೂ ಗೊತ್ತಾಗದು.

● 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ‘ಲಿಬ್ರಾಟಸ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ 1,20,000 ಕೈ (ಸುತ್ತು) ಆಡಿ ನಾಲ್ವರು ನುರಿತ ಆಟಗಾರರನ್ನು ಮಣಿಸಿತು. ಅದಕ್ಕೆ ಮುಖವಿಲ್ಲ, ಭಯವಿಲ್ಲ, ಆದರೂ ಸೊಗಸಾಗಿ ಬ್ಲಫ್ ಮಾಡುತ್ತಿತ್ತು.

● ಹೊತ್ತಿನಿಂದ ಗುಟ್ಟು ರಟ್ಟಾಗುವುದು ಆಟದಲ್ಲಷ್ಟೇ ಅಲ್ಲ. ಕಂಪ್ಯೂಟರ್ ಲೆಕ್ಕ ಮಾಡಲು ತೆಗೆದುಕೊಳ್ಳುವ ಸಮಯವನ್ನು ಅಳೆದು ಅದರ ರಹಸ್ಯ ಕೀಲಿಯನ್ನೇ ಕಂಡುಹಿಡಿಯಬಹುದೆಂದು ಗುಪ್ತಲಿಪಿ ತಜ್ಞ ಪಾಲ್ ಕೋಚರ್ 1996ರಲ್ಲಿ ತೋರಿಸಿದರು.

● ಎದುರಾಳಿಯ ಮನಸ್ಸು ಓದುವ ಜಾಣ್ಮೆಯೂ ಮೋಸದ ಮುಂದೆ ನಿಲ್ಲುವುದಿಲ್ಲ. 2007ರಲ್ಲಿ ‘ಅಬ್ಸೊಲ್ಯೂಟ್ ಪೋಕರ್’ ಎಂಬ ವಿದೇಶಿ ತಾಣದಲ್ಲಿ ಒಳಗಿನವರ ಖಾತೆಯೊಂದಕ್ಕೆ ಎಲ್ಲರ ಎಲೆಗಳೂ ಕಾಣುತ್ತಿದ್ದುದು ಬಯಲಾಯಿತು. ಅದನ್ನು ಪತ್ತೆ ಮಾಡಿದ್ದು ಆಟಗಾರರೇ, ಆಡಿದ ಕೈಗಳ ದಾಖಲೆ ಜಾಲಾಡಿ.

● ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. 2025ರ ಆಗಸ್ಟ್ 22ರಂದು ಆನ್‌ಲೈನ್ ಆಟಗಳ ಕುರಿತ ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲದ ಆಟವಿರಲಿ, ಅದೃಷ್ಟದ ಆಟವಿರಲಿ, ಹಣ ಕಟ್ಟಿಸಿ ಆನ್‌ಲೈನ್‌ನಲ್ಲಿ ಆಡಿಸುವವರಿಗೆ ಅದರಡಿ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ.

● ಬ್ಲಫ್ ಕಲಿಯಲು ದುಡ್ಡು ಬೇಕಿಲ್ಲ. ತುಮಕೂರು ಸೀಮೆಯಲ್ಲಿ ಹುಣಸೆ ಬೀಜಕ್ಕೆ ಬರವೇ? ಒಬ್ಬೊಬ್ಬರಿಗೂ ಐವತ್ತು ಬೀಜ ಹಂಚಿ ಮನೆಯವರೆಲ್ಲ ಕೂತು ಆಡಿ. ಎದುರಿನವರು ಎಷ್ಟು ಹೊತ್ತು ಯೋಚಿಸಿದರೆಂದು ಮನಸ್ಸಿನಲ್ಲೇ ಎಣಿಸಿ, ಗಣಿತವೂ ಮನುಷ್ಯ ಸ್ವಭಾವವೂ ಒಟ್ಟಿಗೆ ಅರ್ಥವಾಗುತ್ತವೆ. ಹಣದ ಆಟದ ಚಟದಲ್ಲಿ ಯಾರಾದರೂ ಸಿಕ್ಕಿಬಿದ್ದಿದ್ದರೆ ಬೈದು ದೂರ ಮಾಡಬೇಡಿ. ಮನಸ್ಸಿನ ನೆರವಿಗೆ ಟೆಲಿ-ಮಾನಸ್ 14416, ಆನ್‌ಲೈನ್ ವಂಚನೆಯಾಗಿದ್ದರೆ ಸೈಬರ್ ಸಹಾಯವಾಣಿ 1930. ಈ ಎರಡು ಸಂಖ್ಯೆಗಳನ್ನು ಇಂದೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.