ಕಂಪ್ಯೂಟರಿನ ಕಾಲ್ಚೆಂಡಾಟದಲ್ಲಿ ತೋರುವ ಚಿತ್ರದೋಷಗಳು

ನಮ್ಮ ಶಾಲೆಯಲ್ಲಿ ಕಲಿತು ಹೋದವರಲ್ಲಿ ಬಹುಮಂದಿ ಈಗ ತಾಯಂದಿರಾಗಿದ್ದಾರೆ. ಅವರ ಮನೆಗಳಲ್ಲಿ ಕಂಪ್ಯೂಟರು ಇರುವುದೂ ಮಕ್ಕಳು ಅದರಲ್ಲಿ ಆಟವಾಡುವುದೂ ಹೊಸ ಸಂಗತಿಯಲ್ಲ. ಆದರೆ ಆಟದ ಚಿತ್ರವು ಕೆಟ್ಟಾಗ ಏನು ಮಾಡತಕ್ಕದ್ದೆಂಬುದು ಅನೇಕರಿಗೆ ತಿಳಿಯದು. ಕಳೆದ ವರುಷದವರೆಗೆ ನಮಗೂ ತಿಳಿದಿರಲಿಲ್ಲ. ತಿಳಿಯಬೇಕಾಗಿ ಬಂದ ಸಂದರ್ಭವನ್ನು ಮೊದಲು ಹೇಳುವೆವು.

ಪೋಷಕರ ಸಭೆಯು ಮುಗಿದ ತರುವಾಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆಯವರು ನಮ್ಮ ಕೊಠಡಿಗೆ ಬಂದು, "ಅಮ್ಮನವರೇ, ಮಗಳು ಫುಟ್ಬಾಲ್ ಗೇಮಿಗೆ ಏನೇನನ್ನೋ ಸೇರಿಸಿ ಕಂಪ್ಯೂಟರನ್ನು ಕೆಡಿಸಿಟ್ಟಿದ್ದಾಳೆ. ಗ್ರಾಫಿಕ್ಸ್ ಕಾರ್ಡು ಹೋಗಿದೆ, ಹೊಸದನ್ನು ಹಾಕಿಸಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಇದ್ದುದನ್ನು ಮಾರಿ ಕೈತೊಳೆದುಕೊಳ್ಳುತ್ತೇನೆ," ಎಂದರು. ಹುಡುಗಿಯು ಪಕ್ಕದಲ್ಲಿ ತಲೆತಗ್ಗಿಸಿ ನಿಂತಿದ್ದಳು. ಒಂದು ವಾರ ತಾಳಬೇಕೆಂದು ನಾವು ಅವರನ್ನು ಬೇಡಿಕೊಂಡು, ಆ ಶನಿವಾರ ಮಧ್ಯಾಹ್ನ ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯವರೊಡನೆ ಅವರ ಮನೆಗೆ ಹೋದೆವು.

ಜಪಾನಿನ ಕೊನಾಮಿ ಸಂಸ್ಥೆಯವರು 2020ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಹೊರತಂದ 'ಪೆಸ್ 2021' ಎಂಬುದೇ ಆಕೆಯ ಗೇಮು. ಕ್ಲಬ್ಬುಗಳ ನಿಜವಾದ ಹೆಸರು, ಲಾಂಛನ, ಉಡುಪುಗಳನ್ನು ತೋರಿಸಬೇಕಾದರೆ ಅದಕ್ಕೆ ಹಕ್ಕನ್ನು ಪಡೆಯಬೇಕು. ಹಕ್ಕು ದೊರೆಯದ ಹಲವು ಇಂಗ್ಲಿಷ್ ತಂಡಗಳು ಈ ಗೇಮಿನಲ್ಲಿ ಬದಲು ಹೆಸರಿನಿಂದಲೂ ಬದಲು ಅಂಗಿಯಿಂದಲೂ ಆಡುತ್ತವೆ. ಈ ಕೊರತೆಯನ್ನು ತುಂಬುವುದಕ್ಕಾಗಿ ಅಭಿಮಾನಿಗಳೇ ಅಂಗಿ, ಮುಖ, ಮೈದಾನ, ಚೆಂಡು ಮುಂತಾದವುಗಳ ಚಿತ್ರಗಳನ್ನು ರಚಿಸಿ ಸೇರಿಸಿಕೊಳ್ಳುವರು. ಹೀಗೆ ಸೇರಿಸಿದ ಭಾಗಕ್ಕೆ 'ಮಾಡ್' ಎಂದು ಹೆಸರು. 'ಸೈಡರ್' ಎಂಬ ಸಣ್ಣ ತಂತ್ರಾಂಶವು ಮೂಲ ಫೈಲುಗಳನ್ನು ಮುಟ್ಟದೆ, ಗೇಮು ಒಂದು ಫೈಲನ್ನು ಕೇಳಿದಾಗ ಅದರ ಬದಲಿಗೆ ಹೊಸದನ್ನು ಒದಗಿಸುತ್ತದೆ.

ಇದು ನಡೆಯುವ ಬಗೆಯನ್ನು ನಮ್ಮ ಹೊಲಿಗೆಯ ತರಗತಿಯ ಮಾತಿನಿಂದ ಹೇಳಬಹುದು. ತೆರೆಯ ಮೇಲಿನ ಆಟಗಾರನ ಮೈಯು ಬಣ್ಣವಿಲ್ಲದ ಒಂದು ಬೊಂಬೆ. ಅದಕ್ಕೆ ತೊಡಿಸುವ ಚಿತ್ರವು ಬಟ್ಟೆ. ಇದಕ್ಕೆ 'ಟೆಕ್ಸ್ಚರ್' ಎನ್ನುವರು. ಬಟ್ಟೆಯ ಯಾವ ಭಾಗವು ಮೈಯ ಯಾವ ಭಾಗಕ್ಕೆ ಬರಬೇಕೆಂಬುದು, ಕತ್ತರಿಸುವ ಮುಂಚೆ ನಾವು ಇಡುವ ಕಾಗದದ ನಮೂನೆಯಂತೆ, ಮೊದಲೇ ಗೊತ್ತಾಗಿರುತ್ತದೆ. ಆದುದರಿಂದ ದೋಷವು ತೋರಿದಾಗ ಅದರ ಸ್ವರೂಪವೇ ಕಾರಣವನ್ನು ಸೂಚಿಸುವುದುಂಟು.

ಮುಖವೋ ಅಂಗಿಯೋ ಬರಿಯ ಕಪ್ಪಾಗಿ ಇಲ್ಲವೆ ಬಿಳಿಯಾಗಿ ಕಂಡರೆ, ಬಟ್ಟೆಯೇ ಸಿಕ್ಕಿಲ್ಲವೆಂದು ತಿಳಿಯಬೇಕು. ಫೈಲಿನ ಹೆಸರು ತಪ್ಪಿರಬಹುದು, ಫೋಲ್ಡರು ತಪ್ಪಿರಬಹುದು, ಅಥವಾ ಗೇಮು ಓದಲಾರದ ರೂಪದಲ್ಲಿ ಚಿತ್ರವನ್ನು ಉಳಿಸಿರಬಹುದು. ಬೆನ್ನಿನ ಅಂಕೆಯು ಕಂಕುಳಿನ ಬಳಿಗೆ ಸರಿದಿದ್ದರೆ ನಮೂನೆಯು ಬೇರೆಯದೆಂದು ಅರ್ಥ. ಇನ್ನೊಂದು ವರುಷದ ಗೇಮಿಗಾಗಿ ಮಾಡಿದ ಅಂಗಿಯನ್ನು ಇದಕ್ಕೆ ತೊಡಿಸಿರುತ್ತಾರೆ. ಮೈದಾನದ ಅಂಚಿನ ಜಾಹೀರಾತು ಹಲಗೆಗಳು ಮಿಣುಕಿದರೆ, ಒಂದೇ ಸ್ಥಳದಲ್ಲಿ ಎರಡು ಹಲಗೆಗಳು ಕುಳಿತು ಮುಂದೆ ನಿಲ್ಲುವುದಕ್ಕಾಗಿ ಹೋರಾಡುತ್ತಿರುವ ಸಂಭವವುಂಟು. ಇವುಗಳಾವುವೂ ಯಂತ್ರದ ದೋಷಗಳಲ್ಲ. ಮಾಡ್‌ಗಳಿಲ್ಲದ ಮೂಲ ಗೇಮಿನಲ್ಲಿಯೂ ಬೇರೆ ಗೇಮುಗಳಲ್ಲಿಯೂ ಚಿತ್ರವು ಒಡೆದು ಕಂಡರೆ ಮಾತ್ರ ಡ್ರೈವರ್ ತಂತ್ರಾಂಶವನ್ನೂ, ಕಾರ್ಡಿನ ಬಿಸಿಯನ್ನೂ, ಕಡೆಗೆ ಕಾರ್ಡನ್ನೂ ಸಂಶಯಿಸತಕ್ಕದ್ದು.

ನಮ್ಮ ಹುಡುಗಿಯ ಕಂಪ್ಯೂಟರಿನಲ್ಲಿ ಕಂಡುದು ಬೇರೆ ಬಗೆಯದು. ಆಟ ನಡೆಯುವಾಗ ಆಟಗಾರರ ಅಂಗಿಗಳ ಮೇಲೆ ಕಿಡಿಗಳು ಹರಿದಾಡಿದಂತೆ ಕಾಣುತ್ತಿತ್ತು. ಆಕೆಯು ಮೂರು ದಿವಸ ಸಿಕ್ಕಿದ್ದನ್ನೆಲ್ಲಾ ತೆಗೆದು, ಮತ್ತೆ ಹಾಕಿ, ಯಾವುದನ್ನು ತೆಗೆದೆನೆಂಬುದನ್ನೇ ಮರೆತಿದ್ದಳು. ಉಪಾಧ್ಯಾಯಿನಿಯವರು ಎಲ್ಲಕ್ಕಿಂತ ಮೊದಲು ಮಾಡ್‌ಗಳ ಫೋಲ್ಡರಿನ ಪ್ರತಿಯೊಂದನ್ನು ಬೇರೆಡೆ ಇಡಿಸಿದರು. ಆಮೇಲೆ ಸೈಡರನ್ನು ತೆರೆಯದೆ ಗೇಮನ್ನು ನಡೆಸಿದರು. ಚಿತ್ರವು ಸ್ವಚ್ಛವಾಗಿತ್ತು. ಕಾರ್ಡು ಕೆಟ್ಟಿಲ್ಲವೆಂಬುದು ಹತ್ತು ನಿಮಿಷಗಳಲ್ಲಿ ತಿಳಿದುಹೋಯಿತು. ತಂದೆಯವರು ಮಾತನಾಡದೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಅವಳು ಸೇರಿಸಿದ್ದ ಮಾಡ್‌ಗಳು 16. ಒಂದೊಂದನ್ನೇ ಪರೀಕ್ಷಿಸಿದರೆ ಹದಿನೈದು ಸಾರಿ ಆಡಬೇಕಾಗಬಹುದು. ಅರ್ಧವನ್ನು ತೆಗೆದು ನೋಡಿದರೆ ದೋಷವು ಯಾವ ಅರ್ಧದಲ್ಲಿದೆಯೆಂದು ಗೊತ್ತಾಗುವುದು. ಹೀಗೆ 16 ಎಂಟಾಗಿ, ನಾಲ್ಕಾಗಿ, ಎರಡಾಗಿ, ಒಂದಾಗುವುದಕ್ಕೆ ನಾಲ್ಕೇ ಪರೀಕ್ಷೆಗಳು ಸಾಕು. ಪ್ರತಿಸಾರಿಯೂ ಏನನ್ನು ತೆಗೆದೆವು, ಏನನ್ನು ಕಂಡೆವು ಎಂಬುದನ್ನು ಹುಡುಗಿಯ ಕೈಯಿಂದಲೇ ನೋಟುಪುಸ್ತಕದಲ್ಲಿ ಬರೆಯಿಸಿದೆವು.

ನಾಲ್ಕನೆಯ ಪರೀಕ್ಷೆಯಲ್ಲಿ ಉಳಿದದ್ದು ಒಂದು ಅಂಗಿ. ಅದು ನಮ್ಮ ಶಾಲೆಯ ಆಟದ ತಂಡದ ನೀಲಿ ಬಿಳಿ ಗೆರೆಗಳ ಅಂಗಿ! ಹುಡುಗಿಯು ಅದನ್ನು ತಾನೇ ಬರೆದು, ಒಂದು ವಿದೇಶೀ ತಂಡಕ್ಕೆ ತೊಡಿಸಿದ್ದಳು. ಹತ್ತಿರದಿಂದ ನೋಡಿದಾಗ ಅಂದವಾಗಿಯೇ ಇದ್ದುದರಿಂದ ಅದರ ಮೇಲೆ ಅವಳಿಗೆ ಸಂಶಯವೇ ಹುಟ್ಟಿರಲಿಲ್ಲ.

ಆದರೆ ದೋಷವಿದ್ದುದು ದೂರದ ನೋಟದಲ್ಲಿ. 2048 ಬಿಂದುಗಳ ಅಗಲದ ಚಿತ್ರವನ್ನು, ದೂರದ ಆಟಗಾರನ ಮೇಲೆ, ತೆರೆಯ ಕೆಲವೇ ಬಿಂದುಗಳಲ್ಲಿ ತೋರಿಸಬೇಕಾಗುತ್ತದೆ. ಆಗ ಕಂಪ್ಯೂಟರು ಅಲ್ಲೊಂದು ಇಲ್ಲೊಂದು ಬಿಂದುವನ್ನು ಆರಿಸಿಕೊಳ್ಳುವುದು. ಆಟಗಾರನು ಓಡಿದಂತೆಲ್ಲಾ ಆರಿಸಿದ ಬಿಂದುವು ಒಮ್ಮೆ ನೀಲಿ, ಒಮ್ಮೆ ಬಿಳಿಯಾಗುವುದರಿಂದ ಗೆರೆಗಳು ಮಿನುಗುವುವು. ಇದನ್ನು ತಪ್ಪಿಸಲು 1024, 512, 256 ಎಂದು ಅರ್ಧರ್ಧವಾಗಿ ಕಿರಿದಾಗುವ ಪ್ರತಿಗಳನ್ನು ಚಿತ್ರದ ಫೈಲಿನಲ್ಲಿಯೇ ಇರಿಸುವರು. ಇವುಗಳಿಗೆ 'ಮಿಪ್‌ಮ್ಯಾಪ್' ಎಂದು ಹೆಸರು. ಇವೆಲ್ಲವೂ ಕೂಡಿ ಮೂಲಚಿತ್ರದ ಮೂರನೆಯ ಒಂದು ಪಾಲಿನಷ್ಟು ಮಾತ್ರ ಹೆಚ್ಚು ಸ್ಥಳವನ್ನು ಹಿಡಿಯುತ್ತವೆ. ಹುಡುಗಿಯು ಚಿತ್ರವನ್ನು ಉಳಿಸುವಾಗ ಆ ಒಂದು ಗುರುತನ್ನು ಹಾಕಿರಲಿಲ್ಲ. ಗುರುತು ಹಾಕಿ ಮತ್ತೆ ಉಳಿಸಿದ ಮೇಲೆ ಕಿಡಿಗಳು ಅಡಗಿದವು.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಗೇಮನ್ನು ಹಣಕೊಟ್ಟು ಕ್ರಮವಾಗಿಯೇ ಕೊಳ್ಳಿರಿ. ಗುರುತಿಲ್ಲದ ಕಡೆಯಿಂದ ಫೈಲುಗಳನ್ನು ತರಗೊಡಬೇಡಿರಿ, ಏಕೆಂದರೆ ಅವುಗಳೊಡನೆ ವೈರಸ್ಸು ಬರಬಹುದು. ಓದಿಗೂ ಆಟಕ್ಕೂ ವೇಳೆಯನ್ನು ಗೊತ್ತುಮಾಡಿರಿ. ಆದರೆ ಮಗಳು ಏನನ್ನಾದರೂ ಕೆಡಿಸಿದಳೆಂದು ತೋರಿದ ಕೂಡಲೇ ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಡಿರಿ. ಬೈಗುಳಿಗೆ ಅಂಜಿದ ಮಗುವು ತಾನು ಮಾಡಿದ್ದನ್ನು ಮುಚ್ಚಿಡುವುದು. ಮುಚ್ಚಿಟ್ಟ ದೋಷವನ್ನು ಯಾವ ಉಪಾಧ್ಯಾಯರೂ ಹುಡುಕಲಾರರು.

ಆ ಕಂಪ್ಯೂಟರು ಮಾರಾಟವಾಗಲಿಲ್ಲ. ನಾವು ಹೊರಡುವ ಹೊತ್ತಿಗೆ ತಂದೆಯವರು ಆ ನೋಟುಪುಸ್ತಕವನ್ನು ಕೈಗೆ ತೆಗೆದುಕೊಂಡು, ನಾಲ್ಕು ಪರೀಕ್ಷೆಗಳನ್ನೂ ಮೊದಲಿನಿಂದ ಓದಿ ಹೇಳೆಂದು ಮಗಳನ್ನು ಕೇಳುತ್ತಿದ್ದರು.