ಗಲ್ಲು ತಪ್ಪಿಸಿಕೊಂಡ ಬಂಡಾಯಗಾರ, ಯಾರೂ ಆರಿಸದ ಗವರ್ನರ್

ಐರ್ಲೆಂಡಿನ ಹಸಿರು-ಬಿಳಿ-ಕಿತ್ತಳೆ ಬಾವುಟ ನೋಡಿರ್ತೀರಿ. 1848ರಲ್ಲಿ ಅದನ್ನು ಜನರ ಮುಂದೆ ಎತ್ತಿ ಹಿಡಿದವನು ಥಾಮಸ್ ಫ್ರಾನ್ಸಿಸ್ ಮಾಹರ್. ಅದೇ ವರ್ಷ ಬ್ರಿಟಿಷರ ವಿರುದ್ಧ ದಂಗೆ ಎದ್ದಿದ್ದಕ್ಕೆ ಮರಣದಂಡನೆ ಆಯ್ತು. ಆಮೇಲೆ ಅದನ್ನು ಟಾಸ್ಮೇನಿಯಾಕ್ಕೆ ಆಜೀವ ಗಡೀಪಾರು ಅಂತ ಬದಲಿಸಿದರು. 1852ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದ, ಲಾ ಓದಿ ವಕೀಲನಾದ, ಅಂತರ್ಯುದ್ಧದಲ್ಲಿ ಐರಿಷ್ ಬ್ರಿಗೇಡ್ ಮುನ್ನಡೆಸಿದ.

ಇಲ್ಲಿವರೆಗೆ ಪಕ್ಕಾ ಸಿನಿಮಾ ಹೀರೋ. ನಿಜವಾದ ರಾಜಕೀಯ ಇರೋದು ಕೊನೆಯ ಎರಡು ವರ್ಷಗಳಲ್ಲಿ.

1865ರಲ್ಲಿ ಅವನನ್ನು ಮೊಂಟಾನಾ ಟೆರಿಟರಿಯ ಸೆಕ್ರೆಟರಿ ಮಾಡಿ ಕಳಿಸಿದರು. ಚಿನ್ನದಾಸೆಗೆ ಜನ ನುಗ್ಗುತ್ತಿದ್ದ ಗಡಿನಾಡು ಅದು. ಗವರ್ನರ್ ಸಿಡ್ನಿ ಎಡ್ಜರ್ಟನ್ ಅಧಿಕಾರ ಇವನ ಕೈಗೆ ಕೊಟ್ಟು ಹೊರಟೇಬಿಟ್ಟ. ಮಾಹರ್ ಹಂಗಾಮಿ ಗವರ್ನರ್!

ಟೆರಿಟರಿ ಅಂದ್ರೆ ರಾಜ್ಯ ಅಲ್ಲ. ಗವರ್ನರ್, ಜಡ್ಜ್‌ಗಳನ್ನು ನೇಮಿಸೋದು ಅಧ್ಯಕ್ಷ. ಶಾಸನಸಭೆಗೆ ಚುನಾವಣೆ ಇತ್ತು, ಆದ್ರೆ ಅದರ ಕಾನೂನನ್ನು ಅಮೆರಿಕದ ಕಾಂಗ್ರೆಸ್ ರದ್ದು ಮಾಡಬಹುದಿತ್ತು. ಕಾಂಗ್ರೆಸ್‌ಗೆ ಹೋಗುವ ಪ್ರತಿನಿಧಿಗೆ ಮತದ ಹಕ್ಕೇ ಇರಲಿಲ್ಲ. ನಮ್ಮ ಕೇಂದ್ರಾಡಳಿತ ಪ್ರದೇಶಗಳು ನೆನಪಾದವಾ? ಅದಕ್ಕಿಂತಲೂ ಬಿಗಿ, ಯಾಕಂದ್ರೆ ನಮ್ಮಲ್ಲಿ ಅಲ್ಲಿನ ಸಂಸದರಿಗೆ ಮತವಾದರೂ ಇದೆ. ಐರ್ಲೆಂಡಿನವನಿಗೆ ದೂರದ ರಾಜಧಾನಿಯ ಆಳ್ವಿಕೆ ಹೊಸದೇನಲ್ಲ. ಈ ಸಲ ಅವನೇ ಆ ರಾಜಧಾನಿಯ ಪ್ರತಿನಿಧಿ.

1866ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ಜೈಲು ಸೇರಿದ್ದ ಜೇಮ್ಸ್ ಡೇನಿಯಲ್ಸ್‌ನನ್ನು ಮಾಹರ್ ಬಿಡುಗಡೆ ಮಾಡಿಸಿದ. ಆ ಅಧಿಕಾರ ನಿನಗಿಲ್ಲ ಅಂದ ಜಡ್ಜ್ ಲೈಮನ್ ಮನ್ಸನ್. ಅಷ್ಟರಲ್ಲಿ ಹೆಲೆನಾದಲ್ಲಿ ವಿಜಿಲಾಂಟಿಗಳು, ಅಂದ್ರೆ ಕಾನೂನು ಕೈಗೆತ್ತಿಕೊಂಡ ಗುಂಪು, ಡೇನಿಯಲ್ಸ್‌ನನ್ನು ನೇಣಿಗೇರಿಸಿಬಿಟ್ಟಿತು. ಗವರ್ನರ್ ಸಹಿಗೆ ಅಷ್ಟೇ ಬೆಲೆ.

ಶಾಸನಸಭೆ ಕರೆದಾಗಲೂ ಅದೇ ಗತಿ. ಕರೆಯೋ ಅಧಿಕಾರ ತನಗಿಲ್ಲ ಅಂತಿದ್ದವನು ಆಮೇಲೆ ಮನಸ್ಸು ಬದಲಿಸಿ ಕರೆದ. ಮನ್ಸನ್ ಅದರ ಕಾನೂನುಗಳನ್ನು ಒಪ್ಪಲಿಲ್ಲ. 1867ರಲ್ಲಿ ರಿಪಬ್ಲಿಕನ್ ಬಹುಮತದ ಕಾಂಗ್ರೆಸ್ ಎಲ್ಲವನ್ನೂ ಅಳಿಸಿಹಾಕಿತು. ಕಾನೂನಿನ ತಕರಾರು ನಿಜ, ಆದ್ರೆ ಡೆಮಾಕ್ರಟ್ ಸಭೆ ಅನ್ನೋ ಸಿಟ್ಟೂ ಇತ್ತು.

ನನಗೆ ಹೆಚ್ಚು ಕಾಡೋದು ಇನ್ನೊಂದು. ಕ್ರೋ, ಬ್ಲ್ಯಾಕ್‌ಫೀಟ್ ಮೊದಲಾದ ಮೂಲನಿವಾಸಿಗಳ ನೆಲ ಅದು. 1867ರಲ್ಲಿ ಬೋಝ್‌ಮನ್ ಎಂಬ ವಲಸಿಗನ ಕೊಲೆಯಾದಾಗ ಮೂಲನಿವಾಸಿಗಳ ವಿರುದ್ಧ ಸ್ವಯಂಸೇವಕ ಪಡೆ ಕಟ್ಟಿದವನು ಇದೇ ಮಾಹರ್. ಸ್ವಂತ ನಾಡಿನ ಸ್ವಾತಂತ್ರ್ಯಕ್ಕೆ ಪ್ರಾಣ ಒತ್ತೆ ಇಟ್ಟವನಿಗೆ ಇವರ ನೆಲದ ಹಕ್ಕು ಕಾಣಲಿಲ್ಲ.

ಆ ಪಡೆಗೆ ಬರಬೇಕಿದ್ದ ಬಂದೂಕುಗಳಿಗಾಗಿ ಫೋರ್ಟ್ ಬೆಂಟನ್‌ಗೆ ಹೋದ. 1867ರ ಜುಲೈ 1ರ ರಾತ್ರಿ ಹಬೆದೋಣಿಯಿಂದ ಮಿಸೌರಿ ನದಿಗೆ ಬಿದ್ದ. ಶವ ಸಿಗಲೇ ಇಲ್ಲ. ಕುದುರೆ ಏರಿದ ಅವನ ಪ್ರತಿಮೆ ಹೆಲೆನಾದ ಶಾಸನಸಭೆ ಕಟ್ಟಡದ ಮುಂದೆ ಇಂದಿಗೂ ನಿಂತಿದೆ.