ಪಾಳು ಬಾವಿಯೂ ನೆರೆಮನೆಯವರೂ

ಸಿಕಂದರಾಬಾದಿನಿಂದ ಕುಷಾಯಿಗೂಡದ ಕಡೆ ಹೋಗುವವರಿಗೆ ಮೌಲಾಲಿಯ ಬಂಡೆಗುಡ್ಡ ಗೊತ್ತಿರುತ್ತದೆ. ಗುಡ್ಡದ ತುದಿಯಲ್ಲಿ ದರ್ಗಾ, ಕೆಳಗೆ ಕಿಕ್ಕಿರಿದ ಮನೆಗಳು, ಮುಂದೆ ಇಸಿಐಎಲ್ ಕಾರ್ಖಾನೆ, ಅದರಾಚೆ ಕುಷಾಯಿಗೂಡ. ಈ ದಾರಿಯಲ್ಲಿ ದಿನಾ ಓಡಾಡುವ ಸಾವಿರಾರು ಜನರಲ್ಲಿ ಗುಡ್ಡದ ಬುಡದಲ್ಲಿ ಒಬ್ಬ ಕವಯಿತ್ರಿ ಮಲಗಿದ್ದಾಳೆ ಎಂದು ಎಷ್ಟು ಮಂದಿಗೆ ಗೊತ್ತು?

ಅವಳ ಹೆಸರು ಮಹಲಖಾ ಬಾಯಿ ಚಂದಾ. ಹುಟ್ಟಿದ್ದು 1768ರಲ್ಲಿ, ತೀರಿಕೊಂಡದ್ದು 1824ರಲ್ಲಿ. ನಿಜಾಮರ ದರ್ಬಾರಿನ ಗಾಯಕಿ, ನರ್ತಕಿ, ತವಾಯಿಫ್. 1798ರಲ್ಲಿ ಅವಳ ಉರ್ದು ಗಜಲ್‌ಗಳ ದಿವಾನ್ ಸಿದ್ಧವಾಯಿತು. ದಿವಾನ್ ಬರೆದ ಮೊದಲ ಹೆಂಗಸು ಇವಳೇ ಎಂದು ಬಹುಕಾಲ ನಂಬಲಾಗಿತ್ತು. ಆಮೇಲೆ ಲುತ್ಫುನ್ನಿಸಾ ಇಮ್ತಿಯಾಜ್ ಎಂಬಾಕೆಯ ದಿವಾನ್ ಒಂದು ವರ್ಷ ಹಿಂದಿನದು ಎಂದು ತಿಳಿಯಿತು. ಇಬ್ಬರೂ ದಖ್ಖನಿನ ಹೆಣ್ಣುಮಕ್ಕಳೇ ಅನ್ನೋದು ನಮಗೆ ಹೆಮ್ಮೆಯ ವಿಷಯ.

ಮಹಲಖಾ 1792ರಲ್ಲಿ ತನ್ನ ತಾಯಿ ರಾಜ್ ಕುನ್ವರ್ ಬಾಯಿಗಾಗಿ ಮೌಲಾಲಿಯಲ್ಲಿ ಗೋರಿ ಕಟ್ಟಿಸಿದಳು. ಸುತ್ತ ಗೋಡೆ, ನಾಲ್ಕು ಭಾಗದ ತೋಟ, ಮಸೀದಿ, ನೀರಿಗೆ ಬಾವಡಿ. ಮುಂದೆ ತಾಯಿಯ ಪಕ್ಕದಲ್ಲೇ ಅವಳನ್ನೂ ದಫನ್ ಮಾಡಲಾಯಿತು. ಕಾಲ ಉರುಳಿ ಆ ಜಾಗ ಪಾಳು ಬಿತ್ತು. ಕೊನೆಗೆ 2010–11ರಲ್ಲಿ ಅಮೆರಿಕ ಸರ್ಕಾರದ ನೆರವಿನ ಹಣದಲ್ಲಿ ಅದನ್ನು ದುರಸ್ತಿ ಮಾಡಲಾಯಿತು. ಈ ಕೆಲಸದ ಹಿಂದಿದ್ದವರಲ್ಲಿ ವಿದ್ವಾಂಸ ಸ್ಕಾಟ್ ಕುಗಲ್ ಒಬ್ಬರು. ದೂರದೇಶದವರಿಗೆ ಕಂಡ ಬೆಲೆ ಪಕ್ಕದವರಾದ ನಮಗೆ ಏಕೆ ಕಾಣಲಿಲ್ಲ? ಈ ಲೇಖನದ ಪ್ರಶ್ನೆ ಅದೇ.

ಜಾಗಗಳು ಹೇಗೆ ಅನಾಥವಾಗುತ್ತವೆ?

ಯಾವ ಜಾಗವೂ ಒಂದೇ ದಿನದಲ್ಲಿ ಪಾಳು ಬೀಳುವುದಿಲ್ಲ. ಮೊದಲು ಅದರ ಕೆಲಸ ಹೋಗುತ್ತದೆ, ಆಮೇಲೆ ಅದರ ಹೆಸರು. ಹೈದರಾಬಾದಿನ ಬಾವಿಗಳನ್ನೇ ನೋಡಿ. 1908ರಲ್ಲಿ ಮೂಸಿ ನದಿ ಉಕ್ಕಿ ಊರು ಮುಳುಗಿತು, ಸಾವಿರಾರು ಜನ ಸತ್ತರು. ನಿಜಾಮ್ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಪ್ರವಾಹ ತಡೆಯಲು ಅವರು ಕೊಟ್ಟ ಯೋಜನೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ತಲೆಯೆತ್ತಿದವು. ಊರಿಗೆ ರಕ್ಷಣೆ ಸಿಕ್ಕಿತು, ನಲ್ಲಿಗೆ ನೀರೂ ಬಂತು. ಒಳ್ಳೆಯದೇ ಆಯಿತು. ಆದರೆ ನಲ್ಲಿ ಬಂದ ಮನೆಯವರು ಬಾವಿಗೆ ಹೋಗುವುದನ್ನು ಬಿಟ್ಟರು. ಹೋಗುವವರಿಲ್ಲದ ಬಾವಿಗೆ ಮೊದಲು ಎಲೆ ಬಿತ್ತು, ಆಮೇಲೆ ಪ್ಲಾಸ್ಟಿಕ್ಕು, ಆಮೇಲೆ ಒಡೆದ ಗೋಡೆಯ ಇಟ್ಟಿಗೆ. ಒಂದು ತಲೆಮಾರು ಕಳೆದರೆ ಸಾಕು, ಅಲ್ಲಿ ಬಾವಿ ಇತ್ತು ಅನ್ನೋದೇ ಮರೆತುಹೋಗುತ್ತದೆ.

ಬಾವಿ ತೋಡಿಸುವುದನ್ನು ನಮ್ಮಲ್ಲಿ ಸದಕಾ ಜಾರಿಯಾ ಎನ್ನುತ್ತೇವೆ, ತೋಡಿಸಿದವರು ಸತ್ತ ಮೇಲೂ ನಿಲ್ಲದ ಪುಣ್ಯ. ನಮ್ಮ ಊರುಗಳ ಅರವಟ್ಟಿಗೆಯ ಹಿಂದೆ ಇರುವುದೂ ಇದೇ ಭಾವ. ಹಾಗಾದರೆ ಆ ಬಾವಿಗೆ ಕಸ ಸುರಿದವರ ಲೆಕ್ಕ ಏನು? ಇದನ್ನು ಒಮ್ಮೆ ಯೋಚಿಸಿ ನೋಡಿ.

ಬನ್ಸಿಲಾಲ್‌ಪೇಟೆಯ ಪಾಠ

ಈಗ ಸಿಕಂದರಾಬಾದಿನ ಬನ್ಸಿಲಾಲ್‌ಪೇಟೆಗೆ ಬನ್ನಿ. ಅಲ್ಲಿ ಆರು ಅಂತಸ್ತಿನ, 50 ಅಡಿಗೂ ಹೆಚ್ಚು ಆಳದ ಮೆಟ್ಟಿಲುಬಾವಿ ಇದೆ. ಸುಮಾರು ನಾಲ್ಕು ದಶಕ ಅದು ಬಡಾವಣೆಯ ಕಸದ ಗುಂಡಿಯಾಗಿತ್ತು. 2021ರಲ್ಲಿ ವಾಸ್ತುಶಿಲ್ಪಿ ಕಲ್ಪನಾ ರಮೇಶ್ ಅವರ ತಂಡ ಮತ್ತು ಮಹಾನಗರಪಾಲಿಕೆ ಸೇರಿ ಕೆಲಸ ಶುರುಮಾಡಿದರು. ತೆಗೆದ ಕಸ ಸಾವಿರಾರು ಟನ್. ಕಸ ತಳ ಕಂಡಂತೆ ನೀರು ತಾನಾಗಿ ಮೇಲೆ ಬಂತು. 2022ರ ಡಿಸೆಂಬರ್ 5ರಂದು ಬಾವಿಯನ್ನು ಜನರಿಗೆ ಬಿಟ್ಟುಕೊಡಲಾಯಿತು. ಕೆಳಗೆ ನೀರು, ಸುತ್ತ ಕಲ್ಲಿನ ಕಂಬಗಳು, ಮೇಲೆ ಕೂತು ಹಾಡು-ನಾಟಕ ನೋಡಲು ಮೆಟ್ಟಿಲು. ಅಗೆಯುವಾಗ ಸಿಕ್ಕ ಹಳೆ ಸಾಮಾನುಗಳನ್ನೂ ಅಲ್ಲೇ ಜೋಡಿಸಿ ಇಟ್ಟಿದ್ದಾರೆ.

ಇಲ್ಲಿ ಮೂರು ವಿಷಯ ಗಮನಿಸಿ. ಒಂದು, ಮೊದಲು ಮಾಡಿದ್ದು ಬಣ್ಣ ಹೊಡೆಯುವ ಕೆಲಸ ಅಲ್ಲ, ಕಸ ಎತ್ತುವ ಕೆಲಸ. ಎರಡು, ಸುತ್ತಲ ಮನೆಯವರನ್ನು ಸೇರಿಸಿಕೊಳ್ಳದೆ ಇದು ಆಗುವಂಥದ್ದಲ್ಲ. ಯಾಕಂದರೆ ಕಸ ಬರುವುದೂ ಅದೇ ಮನೆಗಳಿಂದ, ಕಾವಲು ಬರಬೇಕಾದ್ದೂ ಅದೇ ಮನೆಗಳಿಂದ. ಮೂರು, ಬಾವಿಗೆ ಹೊಸ ಕೆಲಸ ಕೊಟ್ಟರು. ಕುಡಿಯುವ ನೀರು ಸೇದುವ ಕೆಲಸ ಹೋಗಿತ್ತು. ಮಳೆನೀರು ಇಂಗಿಸುವುದು, ಜನ ಸೇರುವುದು, ಮಕ್ಕಳಿಗೆ ಪಾಠ ಮಾಡುವುದು ಅದರ ಹೊಸ ಕೆಲಸವಾಯಿತು. ಕೆಲಸವಿಲ್ಲದ ಕಟ್ಟಡ ಮತ್ತೆ ಪಾಳು ಬೀಳುತ್ತೆ.

ಸುಣ್ಣ, ಬೆಲ್ಲ ಮತ್ತು ಕೈಚಳಕ

ಹಳೆ ಕಟ್ಟಡಕ್ಕೆ ಸಿಮೆಂಟು ಮೆತ್ತಿದರೆ ಮುಗೀತು ಎಂದು ತುಂಬ ಜನ ಅಂದುಕೊಂಡಿದ್ದಾರೆ. ಅದೇ ದೊಡ್ಡ ಹಾನಿ. ಸುಣ್ಣದ ಗಾರೆ ಉಸಿರಾಡುತ್ತದೆ, ಗೋಡೆಯೊಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಸಿಮೆಂಟು ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಒಳಗೆ ಉಪ್ಪು ಕಟ್ಟಿ ಕಲ್ಲು ಪುಡಿಯಾಗುತ್ತದೆ. ಗೋಲ್ಕೊಂಡದ ಕುತುಬ್ ಶಾಹಿ ಗೋರಿಗಳಲ್ಲಿ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್ 2013ರಿಂದ ಕೆಲಸ ಮಾಡುವಾಗ ಹಳೆಯ ಸಿಮೆಂಟನ್ನು ಕೆತ್ತಿ ತೆಗೆದು, ಬೆಲ್ಲ, ಬಿಲ್ವದ ಹಣ್ಣಿನ ತಿರುಳು ಬೆರೆಸಿದ ಸುಣ್ಣದ ಗಾರೆಯನ್ನೇ ಬಳಸಿತು. ಅಲ್ಲಿನ ಬಡಿ ಬಾವ್ಲಿಯ ಒಂದು ಭಾಗ ಮಳೆಗೆ ಕುಸಿದಿತ್ತು. ಅದನ್ನೂ ಮತ್ತೆ ಎತ್ತಿ ಕಟ್ಟಿದರು. ಗೋಲ್ಕೊಂಡದ ಈ ಬಾವಿಗಳ ಕೆಲಸಕ್ಕೆ 2022ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು.

ಇಂಥ ಗಾರೆಯನ್ನು ಹದ ಮಾಡಲು ಗೊತ್ತಿರುವುದು ಕಾಗದದಲ್ಲಿ ನಕ್ಷೆ ಬರೆಯುವವರಿಗಲ್ಲ, ಮೇಸ್ತ್ರಿಗಳಿಗೆ. ಹಾಗಾಗಿ ಒಂದು ಕಟ್ಟಡ ಉಳಿದರೆ ಅದರ ಜೊತೆ ಒಂದು ಕಸುಬೂ ಉಳಿಯುತ್ತದೆ, ಕೆಲವು ಮನೆಗಳ ಒಲೆಯೂ ಉರಿಯುತ್ತದೆ.

ಚಿತ್ರ ಬರೆದರೆ ಸಾಕೇ?

2016–17ರ ಹೊತ್ತಿಗೆ ಹೈದರಾಬಾದಿನ ಎಂ.ಎಸ್. ಮಕ್ತಾ ಬಡಾವಣೆಯ ಗೋಡೆಗಳ ಮೇಲೆ ಸ್ಟಾರ್ಟ್ ಇಂಡಿಯಾ ಫೌಂಡೇಶನ್ನಿನ ಕಲಾವಿದರು ದೊಡ್ಡ ದೊಡ್ಡ ಚಿತ್ರ ಬರೆದರು. ಯಾರೂ ತಿರುಗಿ ನೋಡದ ಗಲ್ಲಿಗೆ ಜನ ಕ್ಯಾಮೆರಾ ಹಿಡಿದು ಬರತೊಡಗಿದರು. ತನ್ನ ಗಲ್ಲಿಯನ್ನು ಊರವರು ನೋಡಲು ಬರುತ್ತಾರೆ ಅನ್ನೋದು ಅಲ್ಲಿನ ಮಗುವಿಗೆ ಸಣ್ಣ ಮಾತಲ್ಲ. ಆದರೆ ಬಿಸಿಲು-ಮಳೆಗೆ ಬಣ್ಣ ಮಾಸುತ್ತದೆ. ಗೋಡೆ ಚೆಂದವಾಗಿ ಚರಂಡಿ ಹಾಗೇ ಉಳಿದರೆ ಕಲೆ ಬರೀ ಪರದೆಯಾಗುತ್ತದೆ. ಚಿತ್ರ ಬರೆಯುವ ಮೊದಲು ಆ ಮನೆಯವರನ್ನು ಕೇಳಬೇಕು: ನಿಮ್ಮ ಗೋಡೆಯ ಮೇಲೆ ಯಾರ ಮುಖ ಬೇಕು, ಯಾವ ಕಥೆ ಬೇಕು?

ಇನ್ನೊಂದು ಬಗೆಯೂ ಇದೆ. ಬಂಜಾರಾ ಹಿಲ್ಸ್‌ನಲ್ಲಿ ಒಂದು ಕುಟುಂಬ ತನ್ನ ಹಳೆ ಮನೆಯನ್ನೇ 2010ರಲ್ಲಿ ಲಾಮಕಾನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. ಬಂಡೆಯ ಕೆಳಗೆ ನಾಟಕ, ಮುಶಾಯಿರಾ, ಚರ್ಚೆ, ಜೊತೆಗೆ ಕಡಿಮೆ ಬೆಲೆಯ ಚಾ. ಅಲ್ಲಿ ಜಾಗವನ್ನು ಜೀವಂತ ಇಟ್ಟಿರುವುದು ದಿನಾ ಬರುವ ಜನ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಜಾಗ ಚೆಂದವಾದರೆ ಅದರ ಬೆಲೆ ಏರುತ್ತದೆ. ಬೆಲೆ ಏರಿದರೆ ಬಾಡಿಗೆ ಏರುತ್ತದೆ. ಕಸ ಎತ್ತಲು ಕೈಜೋಡಿಸಿದ ಬಡವರೇ ನಾಳೆ ಅಲ್ಲಿಂದ ಹೊರಡಬೇಕಾದರೆ ಅದು ಪುನರುಜ್ಜೀವನವಲ್ಲ. ಆದ್ದರಿಂದ ಟಿಕೆಟ್ ಎಷ್ಟು, ಬೀಗದ ಕೈ ಯಾರ ಹತ್ತಿರ, ಅಂಗಡಿ ಯಾರಿಗೆ ಎಂಬುದು ಕೆಲಸ ಶುರುವಾಗುವ ಮೊದಲೇ ತೀರ್ಮಾನವಾಗಬೇಕು.

ನೀವು ಏನು ಮಾಡಬಹುದು?

ನೀವು ವಿದ್ಯಾರ್ಥಿಯಾಗಿದ್ದರೆ ಸಣ್ಣದಾಗಿ ಶುರುಮಾಡಿ. ನಿಮ್ಮ ಮೊಹಲ್ಲಾದಲ್ಲಿ ಪಾಳು ಬಿದ್ದ ಒಂದು ಜಾಗ ಆರಿಸಿ. ಅಲ್ಲಿನ ಹಿರಿಯರ, ಅದರಲ್ಲೂ ನೀರು ಹೊತ್ತ ಅಜ್ಜಿಯರ ನೆನಪು ಬರೆದುಕೊಳ್ಳಿ. ಜಾಗ ವಕ್ಫಿನದೋ, ಪಾಲಿಕೆಯದೋ, ಪುರಾತತ್ವ ಇಲಾಖೆಯದೋ, ಖಾಸಗಿಯದೋ ಎಂದು ದಾಖಲೆ ನೋಡಿ. ಅನುಮತಿ ಇಲ್ಲದೆ ಒಂದು ಕಲ್ಲೂ ಕೀಳಬೇಡಿ. ಅಳತೆ ತೆಗೆದು ನಕ್ಷೆ ಬರೆಯಿರಿ, ಮಳೆನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತೆ ನೋಡಿ. ಆಮೇಲೆ ಕಸ, ಆಮೇಲೆ ದುರಸ್ತಿ, ಎಲ್ಲಕ್ಕಿಂತ ಕೊನೆಗೆ ಬಣ್ಣ.

ಇದು ಹೈದರಾಬಾದಿಗೆ ಮಾತ್ರ ಸೇರಿದ ಮಾತಲ್ಲ. ಬೀದರಿನಲ್ಲಿ ಬಹಮನಿ ಕಾಲದ ಸುರಂಗ ಬಾವಿಗಳಿವೆ. ವಿಜಯಪುರದಲ್ಲಿ ಮಲಿಕ್ ಸಂದಲ್ 1620ರಲ್ಲಿ ಕಟ್ಟಿಸಿದ ತಾಜ್ ಬಾವಡಿ ಇದೆ. ಇವುಗಳ ಹೂಳು ತೆಗೆಯುವ ಕೆಲಸ ಈಚೆಗೆ ನಡೆದಿದೆ. ಆದರೆ ಹೂಳು ಮತ್ತೆ ಬರುತ್ತದೆ. ಒಮ್ಮೆ ತೆಗೆಸುವುದಕ್ಕೆ ಸರ್ಕಾರದ ಹಣ ಸಾಕು, ಮತ್ತೆ ತುಂಬದಂತೆ ನೋಡಿಕೊಳ್ಳುವುದಕ್ಕೆ ಪಕ್ಕದ ಮನೆಯವರೇ ಬೇಕು. ಮಹಲಖಾ ತಾಯಿಯ ಗೋರಿಯ ಪಕ್ಕದಲ್ಲಿ ಬಾವಡಿಯನ್ನೂ ಕಟ್ಟಿಸಿದ್ದಳಲ್ಲ. ಸತ್ತವರ ಹತ್ತಿರ ಬದುಕಿರುವವರು ಬರುತ್ತಿರಬೇಕಾದರೆ ಅಲ್ಲಿ ನೀರಿರಬೇಕು, ನೆರಳಿರಬೇಕು.